ಮಚ್ಚವಿಲ್ಲದ ಒರೆ

ಅರಗಿನ ಮುದ್ರೆ ಒಡೆದು ಕಂದು ಲಕೋಟೆಯಿಂದ ತೆಗೆದೆ:
ಗೀಟೆಳೆದ ನೋಟ್‌ಬುಕ್ಕಿನ ಒಂದೇ ಹಾಳೆ.
ಒಂದು ಮೂಲೆ ಇಲ್ಲ. ನಡುವೆ ಹುಣಸೆ ಬೀಜದಷ್ಟು ತೂತು.
ಉಳಿದದ್ದರಲ್ಲಿ ನೀಲಿ ಬಾಲ್‌ಪೆನ್ನು:

ಅಣ್ಣಾ, ಆರಾಮಿದ್ದೀಯೇನು. ಕರಿ ಆಡು ಎರಡು ಮರಿ ಹಾಕೈತಿ.
ಒಂದು ಹೆಣ್ಣು. ನಿನ್ನ ಮಷಿನ್ ಮ್ಯಾಲೆ ಈಗ ಕೊಟ್ರೇಶಿ ಕುಂದ್ರತಾನ.
ಪ್ಯಾಂಟಿಗೆ ಜೇಬು ಸೊಟ್ಟ ಹಚ್ಚತಾನಂತ ಮಾಲಕರು ಬೈತಾರ.

ಓದುವುದು ನನ್ನ ಕೆಲಸವಲ್ಲ.
ಅಕ್ಷರ ಬಿಟ್ಟು ಕಾಗದವನ್ನು ವಿಚಾರಿಸುವುದು ನನ್ನ ಕೆಲಸ.
ಆದರೂ ಮೂರು ಸಲ ಓದಿದೆ.

ಬಳ್ಳಾರಿ ಜೈಲಿನಲ್ಲಿ ಇದನ್ನು ಚಿವುಟಿ
ಬೀಡಿಗೆ ಸುತ್ತಿದವರು ಇಬ್ಬರು. ಅಣ್ಣ ಅಲ್ಲ, ಬೇರೆಯವರು.
ನಡುವಿನ ಚೂರು ಸಿಕ್ಕವನು ದುಡ್ಡು ದಂಡವೆಂದು ಬೈದು ಮಲಗಿದ.
ಮೂಲೆ ಸಿಕ್ಕ ಓಬಳೇಶ ಮೂರನೇ ದಮ್ಮಿಗೆ
ಗೋಡೆಗೆ ಒರಗಿದವನು ಗೋಡೆಯೇ ಆದ.
ಕಣ್ಣು ತೆರೆದಿತ್ತಂತೆ. ಎದೆ ಮಾತ್ರ
ಬಟ್ಟೆ ಮುಗಿದರೂ ನಿಲ್ಲದ ಹೊಲಿಗೆ ಯಂತ್ರದಂತೆ.

ವಿಮ್ಸ್‌ನಲ್ಲಿ ಗಾಂಜಾ ಪಟ್ಟಿ ಅದ್ದಿದರು.
ಎರಡು ಗೆರೆ. ಎರಡು ಗೆರೆಯೆಂದರೆ ಇಲ್ಲ.
ಪಟ್ಟಿಗೆ ಗೊತ್ತಿರುವುದು ಗಿಡದ ಗಾಂಜಾ ಒಂದೇ.
ಇದು ಮಣ್ಣು ಕಂಡದ್ದಲ್ಲ, ಎಲೆ ಬಿಟ್ಟದ್ದಲ್ಲ;
ಮಿದುಳಿನಲ್ಲಿ ಕೂರುವುದು ಅದೇ ಮಣೆಯ ಮೇಲೆ,
ಕೂತರೆ ಮಣೆ ಸೀಳುತ್ತದೆ.

ನಮ್ಮಪ್ಪ ಮೌನೇಶಾಚಾರಿ, ಬ್ರೂಸ್‌ಪೇಟೆಯ ಪತ್ತಾರ,
ಕರಿ ಒರೆಗಲ್ಲಿನ ಮೇಲೆ ಬಂದ ಚಿನ್ನದ್ದೊಂದು ಗೀರು,
ಪಕ್ಕದಲ್ಲಿ ತನ್ನ ಮಚ್ಚದ್ದೊಂದು ಗೀರು ಎಳೆಯುತ್ತಿದ್ದ.
ಎರಡರ ಮೇಲೂ ಒಂದೇ ಹನಿ ಆಸಿಡ್ಡು.
ಯಾವುದು ನಿಲ್ಲುತ್ತದೆ, ಯಾವುದು ಅಳಿಯುತ್ತದೆ.
"ಮಚ್ಚ ಇಲ್ದ ಒರಿ ಹಚ್ಚೋದು
ಕಲ್ಲು ಒಗೀದೆ ಬಾವಿ ಆಳ ಹೇಳಿದಂಗ ಮಗಳ."

ನನ್ನ ಒರೆಗಲ್ಲಿಗೆ ವಿದ್ಯುತ್ ಬೇಕು, ಹೀಲಿಯಂ ಬೇಕು,
ಮಾರ್ಚ್ ತಿಂಗಳಲ್ಲಿ ಎರಡು ಏಸಿ.
ಮೂವತ್ತು ಮೀಟರಿನ ಕೂದಲೆಳೆ ಕೊಳವೆ ಸುರುಳಿ ಸುತ್ತಿಕೊಂಡಿದೆ.
ಅದರಲ್ಲಿ ಓಡಿ ಯಾರು ಯಾವ ನಿಮಿಷಕ್ಕೆ ಹೊರಬಂದರು ನೋಡು,
ಬಂದವರನ್ನು ಒಡೆ, ಚೂರುಗಳನ್ನು ತೂಗು.
ನೂರ ನಲವತ್ತೈದು ತೂಗುವ ಚೂರು ನನಗೆ ಹಳೇ ಪರಿಚಯ,
ಈ ಮನೆತನದ ಮೂಗು ಅದು.
ಆದರೆ ಬಾಲ? ಎಲ್ಲೋ ಯಾರೋ ಬಾಲ ಬದಲಿಸಿದ್ದಾರೆ.
ಪಟ್ಟಿಯಲ್ಲಿ ಹೆಸರು ಏರುವಷ್ಟರಲ್ಲಿ ಇವರಿಗೆ ಹೊಸ ಹೆಸರು.
ಯಂತ್ರದ ಗ್ರಂಥಾಲಯ ತಡಕಾಡಿ ಹೇಳಿತು: ಹೋಲಿಕೆ, ನೂರಕ್ಕೆ ಅರವತ್ತೊಂದು.
ಅರವತ್ತೊಂದು ಎಂಬುದು ಕೋರ್ಟಿನಲ್ಲಿ ಕೂರುವ ಸಂಖ್ಯೆಯಲ್ಲ.
ಮಚ್ಚಕ್ಕೆ ಬರೆದೆ ಹೈದರಾಬಾದಿಗೆ. ಕಾದೆ, ಏಳು ವಾರ.

ಆ ಏಳು ವಾರದಲ್ಲಿ ಠಾಣೆಯ ಪೇದೆ ಎರಡು ಸಲ ಬಂದ.
"ಹಾಳೆ ಯಾರು ಕೊಟ್ರು ಅಂದ್ರ ಗೊತ್ತಿಲ್ಲ ಅಂತಾಳ ಮೇಡಂ.
ಮುಟ್ಟಸ್ತೀನಿ, ಇದರ ಮ್ಯಾಲೇ ಬರಿ ಅಂದನಂತ ಒಬ್ಬಾವ."
ಅಪ್ಪ ಕೆಲವೊಮ್ಮೆ ಒರೆ ನೋಡುವ ಮೊದಲು
ಚಿನ್ನ ತಂದವರ ಮುಖ ನೋಡಿ, ನೀರು ಕೊಟ್ಟು,
"ಯಾರದವ್ವಾ ಇದು" ಎಂದು ಕೇಳುತ್ತಿದ್ದ.
ನನ್ನ ನಮೂನೆಯಲ್ಲಿ ಆ ಕಾಲಂ ಇಲ್ಲ.

ಮಚ್ಚ ಬಂತು. ನಿಮಿಷಕ್ಕೆ ನಿಮಿಷ, ಚೂರಿಗೆ ಚೂರು ಸೇರಿತು.
ಸಹಿ ಮಾಡಬೇಕು.

ಒಂದು ಮಾತು ಉಳಿಯಿತು.
ಅಂಚಿನಲ್ಲಷ್ಟೇ ಕತ್ತರಿಸೋಣವೆಂದಿದ್ದೆ. ಆಗಲಿಲ್ಲ.
ಹಾಳೆಯ ತುಂಬ ವಿಷ ಒಂದೇ ಸಮ ನಿಂತಿರುವುದಿಲ್ಲ,
ಆರು ಕಡೆ ತೆಗೆಯಲೇಬೇಕು.
ನಾಲ್ಕನೆಯ ಚೌಕ "ಒಂದು ಹೆಣ್ಣು" ಮೇಲೆಯೇ ಬಂತು.
ಶೀಷೆಯ ಮೆಥನಾಲಿನಲ್ಲಿ ಅದು ನಿಧಾನ ನೀಲಿ ಬಿಟ್ಟಿತು.
ನಕ್ಷೆಯಲ್ಲೂ, ಆ ದೊಡ್ಡ ಶಿಖರಕ್ಕೆ ತುಂಬ ಮೊದಲೇ,
ಬಾಲ್‌ಪೆನ್ನಿನ ಶಾಯಿಯದೊಂದು ಗುಡ್ಡ ಎದ್ದಿತ್ತು,
ಹಾಲು ಕುಡಿದ ಮರಿಯ ಬೆನ್ನಿನಂಥದು.

ಅದರ ಎದುರು ಬರೆದೆ, ಬರೆಯಬೇಕಾದದ್ದನ್ನೇ:
ಪ್ರಕರಣಕ್ಕೆ ಸಂಬಂಧಿಸಿದ್ದಲ್ಲ.